ಹತ್ತಿಕಾಳ ಓಣಿಯ ನೀರಿನ ಪಾಳಿ

ಮುನಸೀಪಾಲ್ಟಿಯ ಪುಸ್ತಕದಲ್ಲಿ ಹೊಳೆಯಪ್ಪನ ಹೆಸರಿನ ಮುಂದೆ ‘ಪೂಜಾರಿ’ ಎಂದು ಬರೆದು ಹತ್ತು ವರ್ಷವಾಯಿತು. ಆ ಸಿಟ್ಟು ಅವನಿಗೆ ಇನ್ನೂ ಇಳಿದಿಲ್ಲ. ಬರೆಯಬೇಕಾದದ್ದು ‘ಮಾಲಿ’. ಗಿಡ ಹಚ್ಚಿದವನು ಮಾಲಿ, ನೀರು ಹೊತ್ತವನು ಮಾಲಿ, ಬೆನ್ನು ಬಾಗಿಸಿ ಎರಿ ನೆಲ ಅಗೆದವನು ಮಾಲಿ. ಗುಡಿಗೆ ಅವನು ಹೋಗುವುದೇ ವರ್ಷಕ್ಕೊಂದು ಸಲ, ಅದೂ ಹೆಂಡತಿ ಗೌರಕ್ಕ ಹಿಂದಿನಿಂದ ನೂಕಿದರೆ. ಅಂಥವನನ್ನು ಹಿಡಿದು ಪೂಜಾರಿ ಅಂದರೆ? ಚಹದಂಗಡಿಯಲ್ಲಿ ಯಾರಾದರೂ ಕೆಣಕಲಿಕ್ಕೆಂದು, “ಏನ್ ಪೂಜಾರಪ್ಪಾ, ಇವತ್ತ ತೀರ್ಥ ಇಲ್ಲೇನು?” ಎಂದರೆ ಸಾಕು, ಕೈಯಲ್ಲಿದ್ದ ಕಪ್ಪನ್ನು ಬಸಿಯ ಮೇಲೆ ಕುಕ್ಕಿ, “ಬಾ ಇಲ್ಲೆ, ಕೊಡ್ತೇನಿ ತೀರ್ಥ!” ಎಂದು ಎದ್ದೇಳುತ್ತಾನೆ. ಅಂಗಡಿಯವನು ಈಗ ಅವನಿಗೆ ಹಿತ್ತಾಳೆಯ ಬಸಿ ಇಟ್ಟಿದ್ದಾನೆ.

ಬಾಯಿ ಅವನದು ಹುಟ್ಟಿದಾಗಿನಿಂದ ಹಾಗೆಯೇ. ಮೊದಲು ಅವನು ಕೇಶ್ವಾಪುರದಲ್ಲಿ ಒಬ್ಬ ರೇಲ್ವೆ ಸಾಹೇಬನ ಬಂಗಲೆಯಲ್ಲಿ ಮಾಲಿಯಾಗಿದ್ದ. ಹನ್ನೊಂದು ವರ್ಷ. ಗುಲಾಬಿ ಅವನ ಮಾತು ಕೇಳುತ್ತಿತ್ತು. ಮನುಷ್ಯರು ಕೇಳುತ್ತಿರಲಿಲ್ಲ, ಅಷ್ಟೆ. ಒಂದು ದಿನ ಸಾಹೇಬನ ಹೆಂಡತಿ ಮಡ್ಡಮ್ಮ ತಾನು ಕುಡಿದು ಬಿಟ್ಟ ಚಹಾ ತಂದು ಗುಲಾಬಿಯ ಬುಡಕ್ಕೆ ಸುರಿದಳು. ಮರುದಿನವೂ ಸುರಿದಳು. ಮೂರನೇ ದಿನ ಹೊಳೆಯಪ್ಪ ತಡೆಯಲಾರದೆ, “ನಿನ್ನ ಎಂಜಲಾ ಕುಡಿಯಾಕ ಅದು ನಿನ್ನ ಗಂಡನೇನು?” ಅಂದುಬಿಟ್ಟ. ಕನ್ನಡದಲ್ಲಿ ಅಂದಿದ್ದ, ಅಲ್ಲಿಗೇ ಮುಗಿಯಬೇಕಿತ್ತು. ಬಾಗಿಲಲ್ಲಿ ನಿಂತಿದ್ದ ಬಟ್ಲರ ಅದನ್ನು ಒಂದಕ್ಷರ ಬಿಡದೆ ಇಂಗ್ರೇಜಿಗೆ ತಿರುವಿ ಹೇಳಿದ. ಸಂಜೆಯೊಳಗೆ ಗಂಡ ಹೆಂಡತಿ, ಎರಡು ಗಂಟು, ಒಂದು ಸಲಿಕೆ, ಎಲ್ಲ ಗೇಟಿನ ಹೊರಗೆ.

ಆಮೇಲೆ ಶಿರಗುಪ್ಪಿಯಲ್ಲಿ ಅತ್ತೆಯ ಮನೆ. ಎಂಟು ತಿಂಗಳು. ಅತ್ತೆ ಕೆಟ್ಟ ಮಾತು ಒಂದೂ ಆಡಲಿಲ್ಲ. ಅಳಿಯ ಬುಟ್ಟಿಗೆ ಕೈ ಹಾಕಿದಾಗ ರೊಟ್ಟಿಯನ್ನು ಕಣ್ಣಲ್ಲೇ ಎಣಿಸುತ್ತಿದ್ದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಕಣ್ಣಿಗೆ ಏನನ್ನಬೇಕು? ಹೊಳೆಯಪ್ಪ ಆ ಎಂಟು ತಿಂಗಳಲ್ಲಿ ಅರ್ಧ ಆದ.

ಅಷ್ಟರಲ್ಲಿ ಹುಬ್ಬಳ್ಳಿಯ ಹತ್ತಿಕಾಳ ಓಣಿಯಿಂದ ಕರೆ ಬಂತು.

ಆ ಓಣಿಯ ಬೆನ್ನಿಗೆ ಒಂದು ಬಯಲಿತ್ತು. ಸುಗ್ಗಿಯಲ್ಲಿ ಹತ್ತಿ ಬಂಡಿಗಳು ಬಂದು ಎತ್ತು ಬಿಚ್ಚಿ ಕೊಳ್ಳಹರಿಯುತ್ತಿದ್ದವು. ಉಳಿದ ದಿನ ಎಕ್ಕೆ, ಜಾಲಿ, ಕಸ, ಹಂದಿ. ಅಲ್ಲಿ ಯಾರಿಗೋ ಗೋದಾಮು ಕಟ್ಟಲಿಕ್ಕೆ ಕೊಡುತ್ತಾರೆಂಬ ಸುದ್ದಿ ಹುಟ್ಟಿತು. ಓಣಿಯಲ್ಲಿ ಯಜ್ಞೇಶ್ವರರಾಯರೆಂದು ಕಚೇರಿಯಿಂದ ನಿವೃತ್ತರಾದ ಕಾರಕೂನರಿದ್ದರು. ಅರ್ಜಿ ಬರೆಯದಿದ್ದರೆ ಅವರಿಗೆ ಉಂಡದ್ದು ಕರಗುತ್ತಿರಲಿಲ್ಲ. ‘ಈ ಬಯಲಿನಲ್ಲಿ ಸಾರ್ವಜನಿಕರ ತೋಟ ಆಗಬೇಕು’ ಎಂದು ಏಳು ಅರ್ಜಿ ಬರೆದರು. ಎಂಟನೆಯದಕ್ಕೆ ಮುನಸೀಪಾಲ್ಟಿಯವರು ಬೇಸತ್ತು ಉತ್ತರ ಕೊಟ್ಟರು: ಓಣಿಯವರೇ ನಲವತ್ತು ಗಿಡ ಹಚ್ಚಿ ಸಾಕಬೇಕು. ಮುಂದಿನ ವರ್ಷ ಮಿರುಗದ, ಅಂದರೆ ಮೃಗಶಿರದ, ಮಳೆಗೆ ಮೊದಲು ಬಂದು ನೋಡುತ್ತೇವೆ. ಮೂವತ್ತು ಜೀವಂತ ಇದ್ದರೆ ತೋಟ. ಬೇಲಿ, ನಳ, ಸಂಬಳದ ಮಾಲಿ, ಎಲ್ಲ ನಮ್ಮದು. ಒಂದು ಕಡಿಮೆ ಇದ್ದರೂ ಗೋದಾಮು. ಮತ್ತೆ, ಆ ಜಾಗದಲ್ಲಿ ಗುಡಿ, ಮಸೀದಿ, ಗದ್ದಿಗೆ, ಕಟ್ಟೆ ಏನೂ ಏಳಕೂಡದು.

“ಶಿರಗುಪ್ಪ್ಯಾಗ ಒಬ್ಬ ಮಾಲಿ ಇದ್ದಾನ್ರಿ, ಕೈ ಛಲೋ, ಬಾಯಿ ಛಲೋ ಇಲ್ಲ” ಎಂದು ಯಾರೋ ಅಂದರಂತೆ. “ಗಿಡಕ್ಕ ಕಿವಿ ಇರೂದಿಲ್ಲಲ್ಲಾ, ಕರಸ್ರಿ” ಎಂದರು ರಾಯರು.

ಬಯಲಿನ ಮೂಲೆಯಲ್ಲಿ ಒಂದು ಗುಡಿಸಲು, ವಾರಕ್ಕೆ ಮನೆಗೊಂದು ಸೇರು ಜೋಳ. ಮೂವತ್ತು ಗಿಡ ಬದುಕಿದರೆ ಕಾಯಂ ಸಂಬಳ. ಗೌರಕ್ಕ ಗುಡಿಸಲಿನ ಮುಂದೆ ಸಗಣಿ ಸಾರಿಸುತ್ತ ಮೊದಲ ದಿನವೇ ಹೇಳಿಟ್ಟಳು: “ಇದು ಹೋದ್ರ ನಾ ಶಿರಗುಪ್ಪಿಗೆ ಹೋಗ್ತೇನಿ. ನಮ್ಮವ್ವ ನನಗ ರೊಟ್ಟಿ ಹಾಕ್ತಾಳ. ನಿಮಗ ಹಾಕ್ತಾಳೋ ಇಲ್ಲೋ, ನೀವ ಹೋಗಿ ಕೇಳ್ಕೊಳ್ರಿ.”

ಯಾವ ಗಿಡ ಹಚ್ಚಬೇಕೆಂದು ಕುಬೇರಪ್ಪನ ಹತ್ತಿಕಾಳಿನ ಅಂಗಡಿಯ ಮುಂದೆ ಸಭೆ ಕೂಡಿತು. ನಲವತ್ತೆರಡು ಮನೆ, ನಲವತ್ತೆರಡು ಬಾಯಿ.

“ಹಣ್ಣಿನ ಗಿಡ ಹಚ್ರಿ” ಎಂದ ಕುಬೇರಪ್ಪ. “ಬರೇ ನೆರಳ ಬಿದ್ರ ಏನ್ ಮಾಡೂದು? ನೆರಳ ತಕ್ಕಡ್ಯಾಗ ತೂಗಾಕ ಬರತೈತೇನು?”

ರಾಯರಿಗೆ ಪಾರಿಜಾತ ಬೇಕು. ಒಬ್ಬನಿಗೆ ಹುಣಸೆ, ಹುಣಸೆ ಎಂದ ಕೂಡಲೇ ದೆವ್ವ ಕೂಡುತ್ತದೆಂದು ನಾಲ್ಕು ಮಂದಿ ಎದ್ದು ನಿಂತರು. ಕೌದಿ ಹೊಲಿಯುವ ಶರೀಫಾಬಿ, ಗಂಡ ಸತ್ತವಳು, ಓಣಿಯ ತುದಿಯ ಮನೆಯವಳು, ಸೂಜಿಗೆ ದಾರ ಪೋಣಿಸುತ್ತಲೇ, “ನಮ್ಮ ಬದಿ ಬೇವು ಕೊಡ್ರೆಪಾ, ನೆರಳಾಗ ಕುಂತು ಹೊಲೀತೇವಿ. ಉಳಿದದ್ದು ನೀವ ಬಡದಾಡಿ ಹಂಚ್ಕೊಳ್ರಿ” ಎಂದಳು.

ಕೊನೆಗೆ ಕುಬೇರಪ್ಪನ ಹೆಂಡತಿ ಶಿವಬಸವ್ವ ಬಾಗಿಲಿಗೆ ಬಂದಳು. ಅವಳ ಮೂಗಿನ ನತ್ತು ಯಾವ ಕಡೆ ತಿರುಗುತ್ತದೋ ಓಣಿಯ ಹೆಂಗಸರೆಲ್ಲ ಆ ಕಡೆ ತಿರುಗುತ್ತಾರೆ. “ಏನರ ಹಚ್ರಿ. ನಟ್ಟನಡುವ ಮಾತ್ರ ಪತ್ರಿ ಗಿಡ ಬೇಕು. ಅದಿಲ್ಲಂದ್ರ ನಮ್ಮ ಮನ್ಯಾಂದ ಒಂದ ಕೊಡ ನೀರ ಬರೂದಿಲ್ಲ.”

ಅಲ್ಲಿಗೆ ಸಭೆ ಮುಗಿಯಿತು. ಹೊಳೆಯಪ್ಪ ಸುಣ್ಣದ ಪುಡಿಯಿಂದ ಬಯಲಿನ ಮೇಲೆ ಗೆರೆ ಎಳೆದ. ನಡುವೆ ಬಿಲ್ವಪತ್ರಿ, ಸುತ್ತ ಹೊಂಗೆ, ನೇರಳೆ, ಬಸರಿ, ಸಂಪಿಗೆ. ಶರೀಫಾಬಿಯ ಬದಿಗೆ ಬೇವಿನ ಸಾಲು. ಬಂಡಿಗಳು ಸುಗ್ಗಿಯಲ್ಲಿ ನಿಲ್ಲಲಿಕ್ಕೆ ಒಂದು ಅಂಚು ಹಾಗೇ ಖಾಲಿ. “ಬಂಡ್ಯಾವ್ರನ್ನ ಹೊರಗ ಹಾಕಿದ್ರ ಅವರು ಎತ್ತು ಒಳಗ ಬಿಡ್ತಾರ. ಜಾಗ ಕೊಟ್ರ ಅವರ ಕಾಯ್ತಾರ” ಎಂದ. ಬಾಯಿ ಕೆಟ್ಟದ್ದಿದ್ದರೂ ತಲೆ ಕೆಟ್ಟಿರಲಿಲ್ಲ.

ರಾಯರು ನೀರಿನ ಪಾಳಿ ಬರೆದು ತಮ್ಮ ಬಾಗಿಲಿಗೆ ಅಂಟಿಸಿದರು. ದಿನಕ್ಕೆ ಆರು ಮನೆ, ಮನೆಗೆ ಏಳು ಕೊಡ; ಗಿಡಕ್ಕೊಂದರಂತೆ ನಲವತ್ತು, ಮಿಕ್ಕ ಎರಡು ಮಾಲಿಯ ಗುಡಿಸಲಿಗೆ. ಲೆಕ್ಕ ಅಷ್ಟು ಚಂದ ಕೂತಿತ್ತೆಂದರೆ ರಾಯರು ಎರಡು ದಿನ ಅದರ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತರು.

ಮಳೆಗಾಲ ದೇವರ ಪಾಳಿ, ತಪ್ಪಲಿಲ್ಲ. ದೀಪಾವಳಿ ಆಗಿ ಮಳೆ ಹಿಂದಾದ ಮೇಲೆ ಮನುಷ್ಯರ ಪಾಳಿ ಸುರುವಾಯಿತು. ಅದು ಕಾರ್ತಿಕ ಮಾಸ. ಹೆಂಗಸರು ನಸುಕಿನಲ್ಲೇ ಮೈ ತೊಳೆದು, ಒದ್ದೆ ಕೂದಲಿಗೆ ಗಂಟು ಹಾಕಿ, ಕೊಡ ಹೊತ್ತು ಬರುತ್ತಿದ್ದರು. ಮೊದಲನೇ ಕೊಡ ಪತ್ರಿಗೆ. ಅದು ಶಿವನ ಗಿಡ, ಬೇರೆಯದಕ್ಕೆ ಮೊದಲು ಹಾಕಲಿಕ್ಕೆ ಬರುತ್ತದೆಯೇ? ಉಳಿದ ಆರು ಕೊಡ ‘ಸಂಜೀಕ ಹಾಕಿದ್ರಾತು’. ಸಂಜೆ ಎಂದರೆ ದೀಪ ಹಚ್ಚುವ ಹೊತ್ತು, ‘ನಾಳಿಗೆ ಹಾಕಿದ್ರಾತು’. ನಾಳೆ ಎಂದರೆ ಬೇರೆಯವರ ಪಾಳಿ. ಪಾಳಿ ಇಲ್ಲದ ಮನೆಯವರೂ ಕಾರ್ತಿಕದ ಪುಣ್ಯ ಬಿಡಬಾರದೆಂದು ಒಂದೊಂದು ಕೊಡ ತಂದು ಪತ್ರಿಗೇ ಸುರಿದರು. ಬೇವಿನ ಸಾಲೊಂದು ಬಿಟ್ಟರೆ ಉಳಿದ ಗಿಡಗಳು ಬಾಯಿ ಬಿಟ್ಟು ನಿಂತವು. ಆ ಬದಿಯ ಐದು ಮನೆಯವರಿಗೆ ಪತ್ರಿಯ ಗೊಡವೆ ಇರಲಿಲ್ಲ, ಪಾಳಿ ಬಂದರೆ ಬೇವಿಗೆ ಹಾಕಿ ಮನೆಗೆ ಹೋಗುತ್ತಿದ್ದರು.

ಎರಿ ನೆಲ ಎಂದರೆ ನೀರು ಕುಡಿದು ಬಾಯಿ ಮುಚ್ಚಿಕೊಳ್ಳುವ ನೆಲ. ಕುಡಿದದ್ದನ್ನು ಕೆಳಗೆ ಬಿಡುವುದಿಲ್ಲ. ಹದಿನೈದು ದಿನದಲ್ಲಿ ಪತ್ರಿಯ ಬುಡ ಎಮ್ಮೆ ಹೊರಳುವ ಕೆಸರಾಯಿತು, ಎಲೆ ಹಳದಿ ಆಯಿತು.

“ಪಾಪ, ನೀರಡಿಸೇತಿ ನೋಡ್ರವಾ” ಎಂದು ಹೆಂಗಸರು ಎರಡೆರಡು ಕೊಡ ತಂದರು.

ಹೊಳೆಯಪ್ಪ ಮೂರು ದಿನ ಹಲ್ಲು ಕಚ್ಚಿ ನೋಡಿದ. ಶಿರಗುಪ್ಪಿಯ ರೊಟ್ಟಿ ಬುಟ್ಟಿ ನೆನೆಸಿಕೊಂಡು ಬಾಯಿ ಹಿಡಿದ. ನಾಲ್ಕನೇ ದಿನ ಶಿವಬಸವ್ವ ತಾಮ್ರದ ಹಂಡೆಯನ್ನೇ ಆಳಿನ ತಲೆಯ ಮೇಲೆ ಹೊರಿಸಿಕೊಂಡು ಬಂದಾಗ ಕಟ್ಟೆ ಒಡೆಯಿತು.

“ನಿಲ್ರಿ! ಮುಟ್ಟಬ್ಯಾಡ್ರಿ ಅದನ್ನ! ದಿನಾ ನಸುಕಿನ್ಯಾಗ ಎದ್ದು ಅದರ ಕುತ್ತಿಗಿ ಹಿಚಕಾಕತ್ತೀರಲ್ಲ, ನಿಮಗೇನ್ ಕಣ್ಣಿಲ್ಲೇನು?”

“ಏ ಹೊಳೆಪ್ಪಾ, ಯಾರ ಜೋಡಿ ಮಾತಾಡಾಕತ್ತಿ?”

“ಗಿಡಾ ಕೊಲ್ಲಾವ್ರ ಜೋಡಿ!”

“ಕೇಳಿದ್ರೇನವಾ?” ಶಿವಬಸವ್ವ ಹಿಂದೆ ನಿಂತ ಹೆಂಗಸರ ಕಡೆ ತಿರುಗಿದಳು. ನತ್ತೂ ತಿರುಗಿತು. “ನೀರ ಹಾಕಿದ್ರ ಗಿಡ ಸಾಯ್ತೈತಂತ. ಇವನ ಮಾಲಿ! ನಾಳೆ ಹಾಲ ಕುಡಿಸಿದ್ರ ಕೂಸು ಸಾಯ್ತೈತಿ ಅಂತಾನ.”

“ಹಂಡೇಗಟ್ಲೆ ಕುಡಿಸಿದ್ರ ಖರೇನ ಸಾಯ್ತೈತಿ! ಉಳಿದ ಗಿಡಾ ಒಣಗಿ ಕಡ್ಡಿ ಆಗ್ಯಾವ, ಅವಕ್ಕ ಒಂದ ಹನಿ ಇಲ್ಲ. ಇದು ಭಕ್ತಿ ಅಲ್ಲ, ಇದು ಸೊಕ್ಕು!”

ಕಡೆಯ ಮಾತು ಆಡಬಾರದಿತ್ತು. ಶಿವಬಸವ್ವ ಹಂಡೆಯ ನೀರನ್ನು ಅಲ್ಲೇ ದಾರಿಯ ಮೇಲೆ ಸುರಿಸಿದಳು. “ನಮ್ಮ ನೀರು ಬ್ಯಾಡಂದ್ರ ಬ್ಯಾಡ. ನಡೀರೆವಾ ಮನಿಗೆ.”

ಮರುದಿನ ಬೇವಿನ ಬದಿ ಬಿಟ್ಟರೆ ಒಂದು ಕೊಡವೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ವಾರದ ಜೋಳ ಬಂತು, ನೀರು ಬರಲಿಲ್ಲ. ರಾಯರು ತಮ್ಮ ಪಾಳಿಯ ಕಾಗದವನ್ನು ಓದಿ ಓದಿ ತೋರಿಸಿದರು. “ಓದಾಕ ನಮಗ ಬರೂದಿಲ್ರಿ ರಾಯರ” ಎಂದು ಹೆಂಗಸರು ಒಳಗೆ ಹೋದರು. ರಾಯರು ಹೊಳೆಯಪ್ಪನ ಕಡೆ ನೋಡಿ, “ಗಿಡಕ್ಕ ಕಿವಿ ಇಲ್ಲಂದಿದ್ದೆ, ಖರೇ. ಆದ್ರ ನೀರು ಹಾಕೋವ್ರಿಗೆ ಕಿವಿ ಅದಾವಲ್ಲೋ ಮಾರಾಯಾ” ಎಂದರು.

ಗಂಡ ಹೆಂಡತಿ ಇಬ್ಬರೇ ಊರ ಬಾವಿಯಿಂದ ಹೊತ್ತರು. ಗೌರಕ್ಕ ದಾರಿಯುದ್ದಕ್ಕೂ ತನ್ನ ತಾಯಿಯಂತೆ ಬರೇ ನೋಡಿದಳು. ಐದನೇ ದಿನ ಹೊಳೆಯಪ್ಪ ಪತ್ರಿಯ ಸುತ್ತ ತಗ್ಗು ತೆಗೆದು ಕೆಸರು ಬಸಿಯಲಿಕ್ಕೆ ಬಿಟ್ಟು, ಉಸುಕು, ಇಟ್ಟಂಗಿ ಚೂರು ತುಂಬಿದ. ಅಗೆಯುವಾಗ ತೆಂಗಿನಕಾಯಿಯ ಗಾತ್ರದ ಒಂದು ಕರಿ ಕಲ್ಲು ಸಲಿಕೆಗೆ ತಾಗಿ ಕೈ ಝುಂ ಎಂದಿತು. ಮೊದಲೇ ಸಿಟ್ಟು; ಕಲ್ಲನ್ನು ಬೈದು ಎತ್ತಿ ಎಸೆದ. ಅದು ಹೋಗಿ ದಾರಿಯ ಬದಿಗೆ ಸಾಯಲಾದ ಒಂದು ಹೊಂಗೆ ಗಿಡದ ಬುಡದಲ್ಲಿ ಕೂತಿತು.

ಬೆಳಗಾಗಿ ನೋಡಿದರೆ ಕಲ್ಲು ತೊಳೆದಿದೆ. ಮೇಲೆ ಮೂರು ಬೆರಳಿನ ವಿಭೂತಿ, ಒಂದು ಚೆಂಡು ಹೂವು. ಹೊಂಗೆಯ ಬುಡ ಹಸಿ.

ಹೊಳೆಯಪ್ಪ ಕಲ್ಲನ್ನು ನೋಡಿದ, ಗಿಡವನ್ನು ನೋಡಿದ, ತಿರುಗಿ ಕಲ್ಲನ್ನು ನೋಡಿದ. ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಗೌರಕ್ಕ ಗಾಬರಿಯಾಗಿ ಓಡಿ ಬಂದಳು. “ಏನಾತ್ರಿ? ಚೇಳ ಕಡೀತೇನ್ರಿ?”

ಅವತ್ತು ಮಧ್ಯಾಹ್ನ, ಓಣಿಯವರೆಲ್ಲ ಉಂಡು ಅಡ್ಡಾಗಿರಬೇಕೆಂಬ ಹೊತ್ತಿನಲ್ಲಿ, ಅವನು ಹಳ್ಳದಿಂದ ಒಂದು ಚೀಲ ದುಂಡನೆಯ ಕಲ್ಲು ಹೊತ್ತು ತಂದ. ಸಾಯಲಾದ ಗಿಡಕ್ಕೊಂದರಂತೆ ಬುಡಕ್ಕಿಟ್ಟ. ಸುಳ್ಳು ಹೇಳಿದನೇ ಎಂದರೆ ಇಲ್ಲ. ದೇವರೆಂದು ಅವನು ಯಾರಿಗೂ ಹೇಳಲಿಲ್ಲ. ಕಲ್ಲು ಇಟ್ಟ, ಬಾಯಿ ಮುಚ್ಚಿದ. ಕಲ್ಲು ಹೊರುವುದಕ್ಕಿಂತ ಅವನಿಗೆ ಎರಡನೆಯದೇ ಹೆಚ್ಚು ಭಾರವಾಯಿತು.

ತುದಿಮನೆಯ ಬಾಗಿಲಲ್ಲಿ ಕೌದಿ ಹೊಲಿಯುತ್ತಿದ್ದ ಶರೀಫಾಬಿ ತಲೆ ಎತ್ತದೆ ಅಂದಳು: “ಹೊಳೆಪ್ಪಾ, ನನ್ನ ಬೇವಿಗೆ ಕಲ್ಲ ಬ್ಯಾಡಪಾ. ಅದು ಹಂಗ ಬೆಳ್ಯಾಕತ್ತೇತಿ.”

ಹೊಳೆಯಪ್ಪ ಚೀಲವನ್ನು ಬೆನ್ನ ಹಿಂದೆ ಹಿಡಿದ. “ಯಾರ ಮುಂದೂ ಅನಬ್ಯಾಡ್ರಿ ಶರೀಫಕ್ಕಾ.”

“ಏನಂತ ಅನ್ಲಿ? ಮಾಲಿ ಕಲ್ಲ ಬಿತ್ತಾಕತ್ತಾನ ಅನ್ಲೇನು?”

ವಾರದಲ್ಲಿ ಎಲ್ಲ ಕಲ್ಲಿಗೂ ಒಡತಿಯರಾದರು. ನೇರಳೆ ಬುಡದ್ದು ಕೆಮ್ಮಿಗೆ ಛಲೋ, ಬಸರಿ ಬುಡದ್ದು ಕಳೆದ ಎಮ್ಮೆ ಹುಡುಕಿ ಕೊಡುತ್ತದೆ, ಸಂಪಿಗೆಯದು ಸ್ವಲ್ಪ ಸಿಟ್ಟಿನದು, ಅದಕ್ಕೆ ತಂಪು ನೀರೇ ಬೇಕು. ಪತ್ರಿ ಉಸಿರಾಡಿ ಹಸಿರಾಯಿತು. ರಾಯರು, “ಕಡೀಗೆ ನನ್ನ ಪಾಳಿ ಕಾಗದ ಕೆಲಸಾ ಮಾಡ್ತು ನೋಡು” ಎಂದರು. ಹೊಳೆಯಪ್ಪ, “ಹೌದ್ರಿ ರಾಯರ” ಎಂದ. ಜನ್ಮದಲ್ಲಿ ಅವನು ಸುಮ್ಮಸುಮ್ಮನೆ ಹೌದೆಂದದ್ದು ಅದೇ ಮೊದಲು.

ಹೀಗೆ ಚಳಿಗಾಲ ದಾಟಿತು. ಬೇಸಿಗೆ ದಾಟುವುದು ಅಷ್ಟು ಸುಲಭ ಇರಲಿಲ್ಲ.

ಯುಗಾದಿ ಆಗುತ್ತಲೇ ಊರ ಬಾವಿಯ ನೀರು ತಳ ಕಂಡಿತು. ಉಳಿದದ್ದು ಸವುಳು, ಉಪ್ಪುಪ್ಪು. ಅದನ್ನು ಹಾಕಿದರೆ ಗಿಡದ ಬುಡದಲ್ಲಿ ಬಿಳಿ ಹೊಟ್ಟು ಏಳುತ್ತಿತ್ತು, ಎಲೆಯ ಅಂಚು ಸುಡುತ್ತಿತ್ತು. ಎರಿ ನೆಲ ಕೈ ಹೋಗುವಷ್ಟು ಬಾಯಿ ಬಿಟ್ಟಿತು. ಆರು ಗಿಡ ಸತ್ತವು. ಏಳನೆಯದು ಸತ್ತ ದಿನ ಹೊಳೆಯಪ್ಪ ಸಲಿಕೆ ಎಸೆದು ಗುಡಿಸಲಿನ ಮುಂದೆ ಕೂತ. ತಪಾಸಣೆಗೆ ಇನ್ನೂ ಒಂದು ತಿಂಗಳಿತ್ತು. ಗೌರಕ್ಕ ಗಂಟು ಕಟ್ಟುವ ಪಂಚೆ ಒಗೆದು ಒಣ ಹಾಕಿದ್ದನ್ನು ಅವನು ನೋಡಿಯೂ ನೋಡದಂತೆ ಇದ್ದ.

ಸಿಹಿನೀರಿನ ಬಾವಿ ಓಣಿಯಲ್ಲಿ ಒಂದೇ, ಶರೀಫಾಬಿಯ ಹಿತ್ತಲದ್ದು. ಸಣ್ಣ ಬಾವಿ, ಒಂದು ಮನೆಗೆ ಸಾಕಾಗುವಷ್ಟು. ಅದನ್ನು ಕೇಳಲಿಕ್ಕೆ ಹೊಳೆಯಪ್ಪನಿಗೆ ಬಾಯಿ ಬರಲಿಲ್ಲ. ಅವಳೇ ಕರೆದಳು.

“ಸೇದ್ಕೊಂಡ ಹೋಗು. ಗಿಡಕ್ಕ ಹಾಕು.”

“ನಿಮಗ?”

“ನನ್ನೊಬ್ಬಾಕಿ ಗಂಟಲಕ್ಕ ಎಷ್ಟ ಬೇಕು? ಆದ್ರ ಹೊಳೆಪ್ಪಾ, ಇದು ದಾನ ಅಲ್ಲ. ಸಾಲ. ನೀರ ಕೊಟ್ಟೇನಿ, ನೀರ ಕೊಡಬೇಕು. ಇಂಥಾದ್ದ.”

“ಒಂದ ಮಳಿ ಆಗ್ಲಿ, ನೂರು ಕೊಡ ತಂದು ನಿಮ್ಮ ಅಂಗಳದಾಗ ಸುರೂತೇನಿ!”

ಓಣಿಯ ಹೆಂಗಸರು ಮೊದಲ ದಿನ ತುದಿಮನೆಯ ಹಿತ್ತಲ ಬಾಗಿಲಲ್ಲಿ ಕೊಡ ಹಿಡಿದು ಒಬ್ಬರ ಮುಖ ಒಬ್ಬರು ನೋಡಿದರು. ಶಿವಬಸವ್ವ ನತ್ತು ಸರಿ ಮಾಡಿಕೊಂಡು, “ನಾವೇನ್ ಕುಡ್ಯಾಕ ಬಂದೇವೇನು? ಗಿಡಕ್ಕ ಮಡಿ ಮೈಲಿಗಿ ಎಲ್ಲೀದವಾ?” ಎಂದು ಮೊದಲು ಒಳಗೆ ಹೋದಳು. ಹೋದವಳು ನೀರು ಸೇದಿ, ಬಿಸಿಲಿಗೆ ತಡೆಯಲಾರದೆ ಬೊಗಸೆಯಲ್ಲಿ ಕುಡಿದೇ ಬಂದಳು. ಉಳಿದವರು ಅದನ್ನು ನೋಡಲಿಲ್ಲವೆಂದು ಹೇಳಿದರು.

ಬಾವಿಯಿಂದ ಬಯಲಿನವರೆಗೆ ಸಾಲು ನಿಂತು ಕೊಡ ದಾಟಿಸಿದರು. ಇಪ್ಪತ್ತು ದಿನ ಹೀಗೆ ನಡೆಯಿತು. ಕಡೆಯ ವಾರ ಕೊಡದಲ್ಲಿ ರಾಡಿ ಬರತೊಡಗಿತು. ಆಗೊಂದು ಮಧ್ಯಾಹ್ನ ಹೊಳೆಯಪ್ಪ ರೇಲ್ವೆ ಗೇಟಿನ ಕಡೆಯಿಂದ ಬರುವಾಗ ಮುಂದೆ ಶರೀಫಾಬಿ ಕಂಡಳು. ಸೊಂಟದ ಮೇಲೆ ಕೊಡ, ಉರಿ ಬಿಸಿಲು, ಕಾಲಲ್ಲಿ ಚಪ್ಪಲಿ ಇಲ್ಲ. ತನ್ನ ಕುಡಿಯುವ ನೀರಿಗೆ ಅವಳು ಅಷ್ಟು ದೂರ ಹೋಗುತ್ತಿದ್ದದ್ದು ಓಣಿಗೆ ಗೊತ್ತೇ ಇರಲಿಲ್ಲ. ಹೊಳೆಯಪ್ಪ ಕೊಡ ಇಸಿದುಕೊಳ್ಳಲು ಹೋದ. “ಬಿಡು, ಸೊಂಟಕ್ಕ ರೂಢಿ ಆಗೇತಿ” ಎಂದು ಅವಳು ಮುಂದೆ ನಡೆದಳು. ಯಾರಿಗೆ ಬೈಯಬೇಕೆಂದು ಅವನಿಗೆ ತಿಳಿಯಲಿಲ್ಲ. ಆ ದಿನ ತನಗೇ ಬೈದುಕೊಂಡ.

ಮಿರುಗಕ್ಕೆ ನಾಲ್ಕು ದಿನ ಇರುವಾಗ ಓವರಸಿಯರ ಸಾಹೇಬ ಸೈಕಲ್ ಮೇಲೆ ಬಂದ. ತಲೆಗೆ ಟೊಪ್ಪಿಗೆ, ಕಂ‌ಕುಳಲ್ಲಿ ಪುಸ್ತಕ. ಓಣಿಗೆ ಓಣಿಯೇ ಬಯಲಲ್ಲಿ ನೆರೆಯಿತು. ಅವನು ಒಂದು ಸುತ್ತು ಹಾಕಿ, ಗುಡಿಸಲಿನ ಮುಂದೆ ನಿಂತು ಏನೋ ಬರೆದ. ರಾಯರು ಹಿಂದಿನಿಂದ ಬಗ್ಗಿ ಓದಿದರು. ಓದಿ ಬೆಳ್ಳಗಾದರು.

“ಏನ್ ಬರದಾರ್ರಿ ರಾಯರ?” ಎಂದ ಹೊಳೆಯಪ್ಪ.

“‘ಗುಡಿಸಲಲ್ಲಿ ಪೂಜಾರಿ ಹೊಳೆಯಪ್ಪ ವಾಸ. ಸದರಿ ಜಾಗದಲ್ಲಿ ಸಾಲು ಗುಡಿ ಎದ್ದಿವೆ.’”

ಓವರಸಿಯರ ಪೆನ್ನಿನಿಂದ ಕಲ್ಲುಗಳ ಕಡೆ ತೋರಿಸಿದ. ಒಂದೊಂದಕ್ಕೂ ಕುಂಕುಮ, ಹೂವು. ಸಂಪಿಗೆಯ ಸಿಟ್ಟಿನ ಕಲ್ಲಿಗೆ ಒಂದು ಸಣ್ಣ ಹಸಿರು ಖಣ ಕೂಡ. “ಗಿಡ ಮೂವತ್ಮೂರು ಜೀವಂತ ಅವ, ಒಪ್ತೇನಿ. ಆದ್ರ ಗುಡಿ ಏಳಬಾರದು ಅಂತ ಷರತ್ತು ಇತ್ತಲ್ಲಾ? ಇಷ್ಟ ದೇವರನ್ನ ಎಬ್ಬಿಸಿ ನಾಳೆ ಬೇಲಿ ಹಾಕಾಕ ಬಂದ್ರ ನೀವ ಬಡಿಗಿ ತಗೊಂಡು ನಿಂದರ್ತೀರಿ. ನಾ ಬರೆದದ್ದ ಬರೆದದ್ದು.”

ಹೊಳೆಯಪ್ಪ ಹೆಂಗಸರ ಕಡೆ ನೋಡಿದ. ನಿಜ ಹೇಳಿದರೆ ಇವರು ತನ್ನನ್ನು ಬಿಡುವುದಿಲ್ಲ; ಹೇಳದಿದ್ದರೆ ಬಯಲು ಹೋಯಿತು. ಶರೀಫಾಬಿ ಬೇವಿನ ಹತ್ತಿರ ನಿಂತು ಅವನನ್ನೇ ನೋಡುತ್ತಿದ್ದಳು.

“ಅವು ದೇವರಲ್ರಿ ಸಾಹೇಬ್ರ” ಎಂದ ಕಡೆಗೆ. “ಕಲ್ಲು. ಹಳ್ಳದಿಂದ ನಾನ ತಂದು ಇಟ್ಟೇನಿ. ಮಂದಿ ನೀರ ಹಾಕ್ಲಿ ಅಂತ.”

ಎಲ್ಲರೂ ಶಿವಬಸವ್ವನ ನತ್ತಿನ ಕಡೆ ನೋಡಿದರು. ನತ್ತು ಅಲುಗಾಡತೊಡಗಿತು. ಶಿವಬಸವ್ವ ನಗುತ್ತಿದ್ದಳು.

“ಏ ಶಾಣ್ಯಾ, ನೀ ಇಟ್ಟಿ ಅಂತ ನಮಗ ಗೊತ್ತಿಲ್ಲೇನು? ಮಾಳಿಗಿ ಮ್ಯಾಲೆ ಹತ್ತು ಮಂದಿ ಮೆಣಸಿನಕಾಯಿ ತೊಟ್ಟು ಮುರ್ಯಾಕತ್ತಿದ್ವಿ. ಚೀಲಾ ಹೊತ್ತು ಬಗ್ಗಿ ಬಗ್ಗಿ ಇಡಾಕತ್ತಿದ್ದಿ, ಕಳ್ಳ ಬೆಕ್ಕಿನಾಂಗ! ಮೊದಲನೇ ಕಲ್ಲಿಗೆ ಈಬತ್ತಿ ಹಚ್ಚಿದಾಕಿನೂ ನಾನ.”

ಹೊಳೆಯಪ್ಪನ ಬಾಯಿ ತೆರೆದೇ ಇತ್ತು. “ಗೊತ್ತಿದ್ದು… ಮತ್ತ್ಯಾಕ ಪೂಜಾ ಮಾಡಿದ್ರಿ?”

“ಮತ್ತೇನ್ ಮಾಡೂನು? ನೀ ಹಂಗ ಬೈದ ಮ್ಯಾಲೆ ಬಂದು ಗಿಡಕ್ಕ ನೀರ ಹಾಕಿದ್ರ ನಿನಗ ಸೋತಂಗಾತು. ಹಾಕದಿದ್ರ ಗಿಡ ಸಾಯ್ತಾವು. ಕಲ್ಲಿಗೆ ಹಾಕಿದ್ರ ಯಾರಿಗೂ ಸೋತಂಗಾಗಲಿಲ್ಲ, ಗಿಡಕ್ಕೂ ನೀರ ಬಿತ್ತು.” ಅವಳು ಓವರಸಿಯರನ ಕಡೆ ತಿರುಗಿದಳು. “ಬರ್ಕೋರಿ ಸಾಹೇಬ್ರ. ಕಲ್ಲು ತೆಗದ್ವಿ ಅಂತ.”

ಅಂದವಳೇ ನೇರಳೆ ಬುಡದ ಕಲ್ಲಿಗೆ ಒಮ್ಮೆ ಕೈ ಮುಗಿದು, ಎತ್ತಿ ತಂದು ಹೊಳೆಯಪ್ಪನ ಕೈಯಲ್ಲಿಟ್ಟಳು. ಏನೇ ಇರಲಿ, ಕೆಮ್ಮು ವಾಸಿ ಮಾಡಿದ ಕಲ್ಲು. “ಹಿಡಿ. ತಂದಾವ್ನ ಒಯ್ಯಿ.” ಹಿಂದೆಯೇ ಉಳಿದವರು ಒಂದೊಂದು ತಂದರು. ಕೈ ತುಂಬಿತು, ಮಡಿಲು ತುಂಬಿತು, ಕಡೆಯದನ್ನು ಗೌರಕ್ಕ ತಂದು ನಗು ತಡೆಯಲಾರದೆ ಅವನ ಕಾಲಿನ ಮೇಲೇ ಹಾಕಿದಳು.

ಓವರಸಿಯರನೂ ನಕ್ಕ. ಸಾಲು ಗುಡಿಯ ಸಾಲಿಗೆ ಕಾಟು ಹೊಡೆದು, ‘ಗಿಡ ಮೂವತ್ಮೂರು, ತೋಟಕ್ಕೆ ಯೋಗ್ಯ’ ಎಂದು ಬರೆದ.

“ಆ ಪೂಜಾರಿ ಅನ್ನೂದಕ್ಕೂ ಒಂದ ಗೀಟು ಹೊಡೀರಿ” ಎಂದ ಹೊಳೆಯಪ್ಪ ಕುಂಟುತ್ತ.

“ಒಂದ ಹಾಳಿಗೆ ಎರಡ ಕಾಟು ಬಿದ್ರ ಮ್ಯಾಲಿನವ್ರು ನನಗ ಕಾಟು ಹೊಡೀತಾರೋ ಮಾರಾಯಾ. ಪಗಾರ ಬಂದ್ರ ಆತಲ್ಲ?”

ಪಗಾರ ಬಂತು. ಬೇಲಿ ಬಂತು, ನಳ ಬಂತು. ಗೌರಕ್ಕ ಆ ಪಂಚೆಯನ್ನು ಹರಿದು ಶರೀಫಾಬಿಗೆ ಕೌದಿಯ ಒಳಗೆ ಹಾಕಲಿಕ್ಕೆ ಕೊಟ್ಟಳು. ಆ ಪುಸ್ತಕವನ್ನು ವರ್ಷ ವರ್ಷ ನಕಲು ಮಾಡಿದವರು ಮಾತ್ರ ‘ಪೂಜಾರಿ’ ಎಂಬ ಆ ಮೂರು ಅಕ್ಷರವನ್ನೂ ತಪ್ಪದೆ ನಕಲು ಮಾಡಿದರು.

ಉಳಿದದ್ದು ಶರೀಫಾಬಿಯ ಸಾಲ. ನಳ ಬಂದ ಮರುದಿನವೇ ಹೊಳೆಯಪ್ಪ ಎರಡು ಕೊಡ ತುಂಬಿ ಅವಳ ಬಾಗಿಲಿಗೆ ಒಯ್ದ. ಅವಳು ಕೌದಿಯಿಂದ ಕೈ ತೆಗೆಯಲಿಲ್ಲ. “ಇದು ನಳದ್ದು. ಸರಕಾರದ ನೀರು ತಂದು ನಿನ್ನ ಸಾಲ ತೀರಸ್ತೇನು?”

ಮಳೆಗಾಲದಲ್ಲಿ ಗುಡಿಸಲಿನ ಸೂರಿನ ನೀರು ಹಿಡಿದು ಒಯ್ದ. “ಇದು ಮ್ಯಾಲಿನವಂದು. ಅವ ನನಗೂ ಅಷ್ಟ ಕೊಟ್ಟಾನ.”

ರೊಕ್ಕ ಕೊಡುತ್ತೇನೆಂದ. ಅವಳು ಸೂಜಿ ಎತ್ತಿ ತೋರಿಸಿದಳು. ಅವನು ರೊಕ್ಕ ತಿರುಗಿ ಕಿಸೆಗೆ ಹಾಕಿಕೊಂಡ. ಅವಳ ಬಾವಿಯಲ್ಲಿ ಹೂಳು ತೆಗೆದುಕೊಟ್ಟ. “ಛಲೋ ಆತು. ಅದು ಕೆಲಸಾ ಆತು, ನೀರ ಆಗಲಿಲ್ಲ.”

ಒಂದು ಬೇಸಿಗೆ, ಹೆಬ್ಬಳ್ಳಿಯಲ್ಲಿ ಒಬ್ಬ ರೈತನ ಹೊಲದ ಬಾವಿ ನೀರು ಕಲ್ಲುಸಕ್ಕರೆಯ ಹಾಗೆ ಇದೆ ಎಂದು ಸಂತೆಯಲ್ಲಿ ಕೇಳಿದ. ಒಂದು ದಿನದ ಪಗಾರ ಬಿಟ್ಟು ಹೋಗಿ, ತಾನೇ ಕೈಯಾರೆ ಸೇದಿ, ಕೊಡದ ಬಾಯಿಗೆ ಬಟ್ಟೆ ಕಟ್ಟಿ, ಬಂಡಿಯಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದ. ದಾರಿಯಲ್ಲಿ ಬಂಡಿಯವನು ಒಂದು ಗುಟುಕು ಕೇಳಿದ್ದಕ್ಕೆ ಅವನ ಜೊತೆ ಹೊಡೆದಾಟಕ್ಕೆ ನಿಂತಿದ್ದ. ಶರೀಫಾಬಿ ತಂಬಿಗೆಯಲ್ಲಿ ತೆಗೆದುಕೊಂಡು ಒಂದು ಗುಟುಕು ಕುಡಿದಳು. ಬಾಯಲ್ಲಿ ಆ ಕಡೆ ಈ ಕಡೆ ಆಡಿಸಿದಳು.

“ಛಲೋ ಐತಿ” ಎಂದಳು. “ಆದ್ರ ನನ್ನ ಬಾವಿದ್ರಷ್ಟಿಲ್ಲ.” ಉಳಿದದ್ದನ್ನು ಅಂಗಳದಲ್ಲಿ ಕಟ್ಟಿದ್ದ ತನ್ನ ಆಡಿಗೆ ಹಾಕಿದಳು.

ಹೊಳೆಯಪ್ಪನ ಕುತ್ತಿಗೆಯ ನರ ಉಬ್ಬಿತು, ಕಿವಿ ಕೆಂಪಾಯಿತು. ಅವನು ಖಾಲಿ ಕೊಡ ಎತ್ತಿಕೊಂಡು ಬಾಯಿ ಮುಚ್ಚಿಕೊಂಡು ತೋಟಕ್ಕೆ ಹೋಗಿ, ಅಲ್ಲಿ ಹೂವು ಕೀಳುತ್ತ ಕೈಗೆ ಸಿಕ್ಕ ಒಬ್ಬ ಮಾಸ್ತರರನ್ನು ಹಿಡಿದು ಬೈದ.

ಹೋದ ವರ್ಷ ಸವಣೂರಿನಿಂದ ಮಗಳು ಬಂದು ಶರೀಫಾಬಿಯನ್ನು ಕರೆದುಕೊಂಡು ಹೊರಟಳು. ಕಣ್ಣು ಮಂಜಾಗಿ ಸೂಜಿಗೆ ದಾರ ಹೋಗುತ್ತಿರಲಿಲ್ಲ. ಕೌದಿಯ ಗಂಟುಗಳನ್ನು ಬಂಡಿಗೆ ಹೊಳೆಯಪ್ಪನೇ ಹೇರಿದ. ಹಗ್ಗ ಬಿಗಿದು, ಎರಡು ಸಲ ಬಿಚ್ಚಿ ಮತ್ತೆ ಬಿಗಿದ.

“ಶರೀಫಕ್ಕಾ, ಆ ನೀರಿನ ಸಾಲ ಒಂದು ಮುಗಿಸಿ ಹೋಗ್ರಿ. ಮುಟ್ಟಿತು ಅಂತ ಬಾಯಿಲೇರ ಅನ್ರಿ.”

“ಮುಟ್ಟೇ ಇಲ್ಲ, ಹೆಂಗ ಅನ್ಲಿ?” ಅವಳು ಬಂಡಿಯಲ್ಲಿ ಕಾಲು ಮಡಚಿ ಸರಿಯಾಗಿ ಕೂತಳು. “ಹತ್ತು ವರ್ಷ ಆತು, ಓಣ್ಯಾಗ ಎಲ್ಲಾರಿಗೂ ಬೈದಿ. ರಾಯರಿಗೆ ಬೈದಿ, ಶಿವಬಸವ್ವಗ ಬೈದಿ, ಆ ಆಡಿಗೂ ಬೈದಿ. ನನಗೊಬ್ಬಾಕಿಗೆ ಬೈಲಿಲ್ಲ. ಪುಗಸಟ್ಟೆ ನನ್ನ ಬಿಟ್ಟಿ ಅಂತ ಮಾಡೀಯೇನು? ಸಾಲ ಐತಿ ಅಂತ ಬಿಟ್ಟಿ. ನಾ ತಿರುಗಿ ಬಂದ್ರೂ ಬಂದೆ. ಇರ್ಲಿ ಬಾಕಿ.”

ಬಂಡಿ ಹೊರಟಿತು. ಹೊಳೆಯಪ್ಪ ನಾಲ್ಕು ಹೆಜ್ಜೆ ಹಿಂದೆ ಹೋದ. ಬೈಯಬೇಕೆಂದು ಬಾಯಿ ತೆರೆದ. ಸಾಲಗಾರನ ಬಾಯಿ, ಹಾಗೇ ಮುಚ್ಚಿದ.